ಮನೆಯಿಂದ ಹೊಲಕ್ಕೆ ಎಷ್ಟು ದೂರ?

ಗಡಿ ಕಾಯಲೆಂದು ಕಟ್ಟಿದ ಹಳೇ ರೈತ ಹಳ್ಳಿಯ ನಕ್ಷೆ ಸಿಕ್ಕರೆ ನಾನು ಮೊದಲು ಹುಡುಕುವುದು ಕೋಟೆಯನ್ನಲ್ಲ, ಮನೆ ಬಾಗಿಲಿನಿಂದ ಹೊಲದ ಬದುವಿಗೆ ಎಷ್ಟು ದೂರ ಅಂತ ನೋಡುತ್ತೇನೆ. ಊರುಗಳ ನಕ್ಷೆ ಹಾಕುವುದೇ ನನ್ನ ಕಸುಬು, ಅದರಿಂದ ಬಂದ ಚಟ ಇದು. ಊರು ಕಟ್ಟುವಾಗ ಸೇನೆಯ ಮಾತು ನಡೆಯಿತೋ ರೈತನದ್ದೋ ಅನ್ನುವುದು ಆ ದೂರದಲ್ಲೇ ಗೊತ್ತಾಗಿಬಿಡುತ್ತದೆ.

ಜಪಾನಿನ ಉತ್ತರ ತುದಿಯ ದ್ವೀಪ ಹೊಕ್ಕೈಡೊ ನೋಡಿ. ಉತ್ತರದಿಂದ ರಷ್ಯಾ ಬಂದೀತು ಎಂಬ ಭಯ ಒಂದು ಕಡೆ, ಕೆಲಸ ಕಳೆದುಕೊಂಡ ಸಮುರಾಯ್‌ಗಳ (ಹಳೇ ಯೋಧ ವರ್ಗದವರ) ಹೊಟ್ಟೆಪಾಡು ಇನ್ನೊಂದು ಕಡೆ. ಎರಡಕ್ಕೂ ಸೇರಿಸಿ 1874ರಲ್ಲಿ ತೊಂದೆನ್‌ಹೇ, ಅಂದರೆ ರೈತ ಸೈನಿಕರ ಪದ್ಧತಿ ತಂದರು. ಮರುವರ್ಷ ಸಪ್ಪೊರೊ ಪಕ್ಕದ ಕೊತೊನಿಗೆ 198 ಕುಟುಂಬಗಳು ಬಂದವು. ಮನೆಗಳೆಲ್ಲ ಒಂದೇ ಅಳತೆ, ಸಾಲಾಗಿ, ಒತ್ತೊತ್ತಾಗಿ. ಕಹಳೆ ಊದಿದ ಕೂಡಲೇ ಎಲ್ಲರೂ ಸೇರಬೇಕಲ್ವಾ! ಆದರೆ ಮನೆ ಸುತ್ತ ಸಿಕ್ಕಿದ್ದು ಹಿತ್ತಿಲಿನಷ್ಟು ಜಾಗ, ದೊಡ್ಡ ಹೊಲ ಊರಾಚೆ. ದೂರದ ಹೊಲದ ಪಾಡು ಬೇಸಾಯ ಮಾಡಿದವರಿಗೆ ಗೊತ್ತು: ಗೊಬ್ಬರ ಕಮ್ಮಿ, ಕಳೆ ಜಾಸ್ತಿ. ಸಾಲದ್ದಕ್ಕೆ 1877ರಲ್ಲಿ, ಬೇಸಾಯದ ಕಾಲದಲ್ಲೇ, ಸರ್ಕಾರದ ವಿರುದ್ಧ ಸಮುರಾಯ್‌ಗಳು ಎದ್ದ ಸತ್ಸುಮಾ ದಂಗೆ ಅಡಗಿಸಲು ಗಂಡಸರನ್ನು ದೂರದ ದಕ್ಷಿಣದ ಕ್ಯೂಶು ದ್ವೀಪಕ್ಕೆ ಕಳಿಸಿದರು.

ಆಮೇಲೆ ಕಟ್ಟಿದ ಹಳ್ಳಿಗಳಲ್ಲಿ ಮನೆಗಳನ್ನು ಬಿಡಿಬಿಡಿಯಾಗಿ ಅವರವರ ಹೊಲದಲ್ಲೇ ಇಟ್ಟರು. 1890ರಿಂದ ಸಮುರಾಯ್ ಅಲ್ಲದವರಿಗೂ ಅವಕಾಶ ಕೊಟ್ಟು, ಮನೆಗೆ ಸುಮಾರು 12 ಎಕರೆ ನೆಲ ಹಂಚಿದರು. ಕವಾಯತಿಗೆ ಸೇರುವುದು ನಿಧಾನವಾಯಿತು, ಆಗಲಿ, ಹೊಟ್ಟೆ ತುಂಬದವನಿಗೆ ಬಂದೂಕು ಕೊಟ್ಟು ಏನು ಪ್ರಯೋಜನ? ಅಂದಹಾಗೆ ಆ ನೆಲ ಖಾಲಿ ಬಿದ್ದಿರಲಿಲ್ಲ, ಅಲ್ಲಿನ ಮೂಲನಿವಾಸಿ ಐನು ಜನ ಬೇಟೆಯಾಡಿ ಮೀನು ಹಿಡಿದು ಬದುಕುತ್ತಿದ್ದ ಜಾಗ ಅದು. ಅವರನ್ನು ಕೇಳಿದವರು ಸೇನೆಯಲ್ಲೂ ಇರಲಿಲ್ಲ, ಕೃಷಿ ಕಡೆಯಲ್ಲೂ ಇರಲಿಲ್ಲ.

ಇದೇ ಲೆಕ್ಕವನ್ನು ಬಹಳ ಹಿಂದೆ ಸರಿಯಾಗಿ ಹಾಕಿದವನು ಹಾನ್ ರಾಜವಂಶದ ಕಾಲದ ಚೀನಾದ ದಂಡನಾಯಕ ಜಾವೋ ಚೋಂಗ್‌ಗ್ವೋ. ಕ್ರಿ.ಪೂ. 61, ಪಶ್ಚಿಮ ಗಡಿಯ ಚಿಯಾಂಗ್ ಜನರ ಮೇಲೆ ದಂಡಯಾತ್ರೆ. ಎಪ್ಪತ್ತು ದಾಟಿದ ಈ ಮುದುಕ ಯುದ್ಧದ ಬದಲು ದವಸದ ಲೆಕ್ಕ ಬರೆದು ಚಕ್ರವರ್ತಿಗೆ ಕಳಿಸಿದ. ಈಗಿರುವ ಸೇನೆ, ಕುದುರೆ, ಎತ್ತು ಸೇರಿ ತಿಂಗಳಿಗೆ 1,99,630 ಹು ದವಸ ತಿನ್ನುತ್ತಿವೆ ('ಹು' ಆಗಿನ ಅಳತೆ). ಸವಾರರನ್ನು ವಾಪಸ್ ಕಳಿಸಿ 10,281 ಜನರನ್ನು ಬೇಸಾಯಕ್ಕೆ ಇಟ್ಟುಕೊಂಡರೆ 27,363 ಹು ಸಾಕು. ಉಪ್ಪಿನ ಲೆಕ್ಕವನ್ನೂ ಬಿಟ್ಟಿಲ್ಲ, 308 ಹು! ಚಕ್ರವರ್ತಿಗೆ ಅವಸರ, ಯುದ್ಧ ಯಾವಾಗ ಮುಗಿಯುತ್ತದೆ ಎಂದು ಮತ್ತೆ ಮತ್ತೆ ಕೇಳಿದ. ಮುದುಕ ಜಗ್ಗಲಿಲ್ಲ.

ನನಗೆ ಇಷ್ಟವಾಗುವುದು ಅವನ ಯೋಜನೆಯ ಒಂದು ಸಣ್ಣ ಸಾಲು. ಹೊಲದ ಕೆಲಸ ಶುರುವಾದಾಗ ತಲೆಗೆ 20 ಮು ನೆಲ ('ಮು' ಚೀನಾದ ನೆಲದ ಅಳತೆ). ನಾಲ್ಕನೇ ತಿಂಗಳಲ್ಲಿ ಹುಲ್ಲು ಚಿಗುರಿದ ಮೇಲೆ ಒಂದಷ್ಟು ಸವಾರರನ್ನು ಕರೆಸಿ ಅವರ ಕುದುರೆಗಳನ್ನು ಅಲ್ಲಿಗೇ ಮೇಯಲು ತರಬೇಕು, ಆ ಸವಾರರು ಸುತ್ತಾಡುತ್ತಾ ಉಳುವವರನ್ನು ಕಾಯಬೇಕು.