ಹೆಡ್‌ಫೋನಿನೊಳಗಿನ ದೂರ

ಚಿತ್ರದುರ್ಗದ ಕೋಟೆಯಲ್ಲಿ ದೊಡ್ಡ ಬಂಡೆಯೊಂದರಿಂದ 34 ಮೀಟರ್ ದೂರ ನಿಂತು ಚಪ್ಪಾಳೆ ತಟ್ಟಿದರೆ, ಅದರ ಮಾರ್ದನಿ ಸುಮಾರು 200 ಮಿಲಿಸೆಕೆಂಡಿನ ಬಳಿಕ ಕಿವಿಗೆ ಮರಳುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ ಹೋಗಿಬರುವ 68 ಮೀಟರಿಗೆ ಅಷ್ಟು ಹೊತ್ತು ಬೇಕು. ಕೋಟೆಯಲ್ಲಿ ಇದು ಮಕ್ಕಳಾಟ. ಅದೇ ತಡ ಹೆಡ್‌ಫೋನಿನಲ್ಲಿ ನುಸುಳಿದರೆ ಗಾಯಕರ ನಾಲಿಗೆಯೇ ತೊಡರುತ್ತದೆ. ಮಾತಾಡುವವರಿಗೆ ಅವರದೇ ದನಿಯನ್ನು ತಡವಾಗಿ ಕೇಳಿಸಿದರೆ ಉಗ್ಗು ಬರುತ್ತದೆಂದು ಸಂಶೋಧಕ ಬರ್ನಾರ್ಡ್ ಲೀ 1950ರಲ್ಲೇ ವರದಿ ಮಾಡಿದ್ದರು.

ದಾವಣಗೆರೆಯ ಸಣ್ಣ ಸ್ಟುಡಿಯೊವೊಂದರಲ್ಲಿ ವಚನಗಾಯನದ ಆಲ್ಬಮ್ ಸಿದ್ಧವಾಗುತ್ತಿದೆ ಎಂದುಕೊಳ್ಳೋಣ. ಒಬ್ಬರ ತಪ್ಪನ್ನು ಮಾತ್ರ ತಿದ್ದಲು ಅನುಕೂಲವಾಗಲೆಂದು ತಬಲಾ, ಹಾರ್ಮೋನಿಯಂ, ಗಾಯನ ಮೂರನ್ನೂ ಬೇರೆ ಬೇರೆ ಟ್ರ್ಯಾಕುಗಳಲ್ಲಿ, ಬಹುಮಟ್ಟಿಗೆ ಬೇರೆ ಬೇರೆ ದಿನಗಳಲ್ಲಿ ಮುದ್ರಿಸುತ್ತಾರೆ. ಕಂಪನಿ ನಾಟಕದ ರಂಗದಲ್ಲಿ ಹಾರ್ಮೋನಿಯಂ ಮೂರೂವರೆ ಮೀಟರ್ ದೂರವಿದ್ದರೆ ಅದರ ನಾದ ನಟನಿಗೆ 10 ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತಿತ್ತು, ಯಾರೂ ದೂರಲಿಲ್ಲ. ಆದರೆ ಅಲ್ಲಿ ತಡವಾದದ್ದು ಪಕ್ಕವಾದ್ಯ. ಸ್ಟುಡಿಯೊದಲ್ಲಿ ತಡವಾಗುವುದು ಮೈಕಿನಿಂದ ಕಂಪ್ಯೂಟರ್ ಹೊಕ್ಕು ಹೆಡ್‌ಫೋನಿಗೆ ಮರಳುವ, ಹಾಡುವವರ ಸ್ವಂತ ದನಿ.

ಕಂಪ್ಯೂಟರ್ ದನಿಯನ್ನು ಸೆಕೆಂಡಿಗೆ 44,100 ಮಾದರಿಗಳಾಗಿ ಕತ್ತರಿಸಿ, ಅವನ್ನು ಬಫರ್ ಎಂಬ ಕಟ್ಟುಗಳಲ್ಲಿ ಸಾಗಿಸುತ್ತದೆ. ಕಟ್ಟಿಗೆ 512 ಮಾದರಿಗಳಿದ್ದರೆ ಒಳಬರುವಾಗ ಒಮ್ಮೆ, ಹೊರಹೋಗುವಾಗ ಇನ್ನೊಮ್ಮೆ ಕಾಯಬೇಕಾಗಿ ಒಟ್ಟು 23 ಮಿಲಿಸೆಕೆಂಡ್ ಕಳೆಯುತ್ತದೆ, ಎಂದರೆ ಗಾಯಕಿ ತನ್ನ ಬಾಯಿಯಿಂದ ಎಂಟು ಮೀಟರ್ ದೂರದಲ್ಲಿ ಕೂತು ತನ್ನನ್ನೇ ಕೇಳಿಸಿಕೊಂಡಂತೆ. ಬಫರನ್ನು 64ಕ್ಕೆ ಇಳಿಸಿದರೆ ಆ ದೂರ ಒಂದು ಮೀಟರಿಗೆ ಬರುತ್ತದೆ, ಆದರೆ ಕಂಪ್ಯೂಟರ್ ಏದುಸಿರು ಬಿಟ್ಟು ಮುದ್ರಣದಲ್ಲಿ ಟಿಕ್ ಟಿಕ್ ಸದ್ದು ಸೇರಿಕೊಳ್ಳಬಹುದು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ತಲೆಬುರುಡೆಯದು. ನಮ್ಮ ದನಿ ಮೂಳೆಯ ಮೂಲಕ ಕಿವಿಗೆ ತಕ್ಷಣವೇ ತಲುಪುತ್ತದೆ. ಹೆಡ್‌ಫೋನಿನಿಂದ 5 ಮಿಲಿಸೆಕೆಂಡ್ ತಡವಾಗಿ ಬಂದ ಅದೇ ದನಿ ಅದರೊಡನೆ ಬೆರೆತಾಗ 100, 300, 500 ಹರ್ಟ್ಸ್‌ನ ಆಸುಪಾಸಿನ ಕಂಪನಗಳಲ್ಲಿ ಎರಡೂ ಪರಸ್ಪರ ಎದುರಾಗಿ ಕ್ಷೀಣಿಸುತ್ತವೆ. ತನ್ನ ಕಂಠ ಡಬ್ಬಿಯೊಳಗಿಂದ ಬಂದಂತೆ ಕೇಳುವುದರಿಂದ ಗಾಯಕಿ ತನ್ನದೇ ತಪ್ಪೆಂದು ಭಾವಿಸಿ ಜೋರಾಗಿ ಹಾಡುತ್ತಾಳೆ, ಶ್ರುತಿ ಜಾರುತ್ತದೆ. “ಮೇಡಂ, ಇನ್ನೊಂದು ಟೇಕ್” ಎಂಬ ಮಾತು ಐದಾರು ಸಲ ಬಂದ ಮೇಲೆ ಮುಖ ಗಂಟಿಕ್ಕುವುದು ಸಹಜ. ಸ್ಟುಡಿಯೊದ ಮುನಿಸುಗಳಲ್ಲಿ ಹಲವು ಸ್ವಭಾವದಿಂದಲ್ಲ, ಬಫರಿನಿಂದ ಹುಟ್ಟುತ್ತವೆಂದೇ ನನ್ನ ಅನಿಸಿಕೆ. ಅನುಭವಿ ಗಾಯಕರು ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳುವುದು ಶೋಕಿಗಲ್ಲ.

ಹೀಗಾಗಿ “ಯಾಕೋ ದನಿ ಕೂರುತ್ತಿಲ್ಲ” ಎಂಬ ಗಾಯಕಿಯ ಮಾತನ್ನು ಮಿಲಿಸೆಕೆಂಡಿನ ಲೆಕ್ಕಕ್ಕೆ ಇಳಿಸುವುದು ಎಂಜಿನಿಯರ್ ಕೆಲಸವಾದರೆ, ಯಾವ ದೋಷ ಯಂತ್ರದ್ದು, ಯಾವುದು ಹಾಡಿನದು ಎಂದು ಬೇರ್ಪಡಿಸುವುದು ನಿರ್ಮಾಪಕರ ಕಿವಿಗೆ ಬಿಟ್ಟದ್ದು. ಕಂಪ್ಯೂಟರನ್ನು ಹೊಗದ ನೇರ ದಾರಿಯಿಂದ ದನಿಯನ್ನು ಹೆಡ್‌ಫೋನಿಗೆ ಕೊಟ್ಟರೆ ತಡದ ಸಮಸ್ಯೆ ಬಹುಪಾಲು ಬಗೆಹರಿಯುತ್ತದೆ.

ಕ್ಲಿಕ್ಕಿನ, ಅಂದರೆ ಬೇರೆ ಬೇರೆ ದಿನ ಮುದ್ರಿಸುವವರೆಲ್ಲ ಒಂದೇ ಲಯ ಹಿಡಿಯಲೆಂದು ಹೆಡ್‌ಫೋನಿನಲ್ಲಿ ಕೇಳಿಸುವ ತಾಳದ ಸದ್ದಿನ, ಸಮಸ್ಯೆ ಮಾತ್ರ ಹಾಗೆ ಬಗೆಹರಿಯುವುದಿಲ್ಲ. ನಿಮಿಷಕ್ಕೆ 80 ಬಡಿತವೆಂದರೆ 750 ಮಿಲಿಸೆಕೆಂಡಿಗೊಂದು ಟಕ್. ವಚನದ ಗದ್ಯಲಯ ಅದಕ್ಕೆ ಬಗ್ಗದು. ಅಂಥ ಸಾಲುಗಳು ಬಂದಾಗ ಕ್ಲಿಕ್ ನಿಲ್ಲಿಸಿ, ತಬಲಾದವರನ್ನು ಅದೇ ದಿನ ಕರೆಸಿ, ಗಾಜಿನಾಚೆ ಗಾಯಕಿಯ ಕೈ ಕಾಣುವಂತೆ ಕೂರಿಸುತ್ತಾರೆ.