ಸಿಪ್ಯಾಪ್ ರೋಗಿಯನ್ನು ವಿಡಿಯೊದಲ್ಲಿ ನೋಡುವಾಗ: ಲೀಕ್ ಲೆಕ್ಕದಲ್ಲಿ ನಾನು ಎಡವಿದ ಟಿಪ್ಪಣಿ

ಸ್ಲೀಪ್ ಲ್ಯಾಬ್ ಪೋಸ್ಟಿಂಗ್ ಮುಗಿದು ಒಂದು ವಾರವಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನನ್ನ ಹಾಗೆ ರೆಸ್ಪಿರೇಟರಿ ಥೆರಪಿ ಓದುತ್ತಿರುವವರಿಗೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ) ಅಂದರೇನು ಅಂತ ಮತ್ತೆ ಹೇಳಬೇಕಿಲ್ಲ. ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಅನ್ನುವ ಲೆಕ್ಕ, 5ರಿಂದ ಶುರು, 15ರಿಂದ ಮಧ್ಯಮ, 30 ದಾಟಿದರೆ ತೀವ್ರ. ಸಿಪ್ಯಾಪ್ ಮಷೀನ್ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಅಷ್ಟು ಸಾಕು. ನನಗೆ ಕಷ್ಟವಾಗಿದ್ದು ಮಷೀನ್ ರೋಗಿಯ ಮನೆ ಸೇರಿದ ಮೇಲಿನ ಕೆಲಸ.

ರೋಗಿಗೆ ವಿಡಿಯೊ ಕರೆ ಯಾವಾಗ? ಬೇಗ. ಹಾಕಿಕೊಳ್ಳುವ ಅಭ್ಯಾಸವೋ, ಬಿಚ್ಚಿ ಮೂಲೆಗೆ ಇಡುವ ಅಭ್ಯಾಸವೋ, ಮೊದಲ ಒಂದೆರಡು ವಾರದಲ್ಲೇ ಕೂತುಬಿಡುತ್ತದೆ. ತಿಂಗಳಾದ ಮೇಲೆ ಕರೆದರೆ ಮಷೀನ್ ಅಟ್ಟದ ಮೇಲಿರುತ್ತದೆ.

ಒಪ್ಪಿಗೆ: 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆ ಅಂತಲೇ ಲೆಕ್ಕ. ಕರೆ ನಮ್ಮ ಕಡೆಯಿಂದ ಹೋದರೆ ಬಾಯಿಬಿಟ್ಟು ಕೇಳಿ, ದಾಖಲೆಯಲ್ಲಿ ಬರೆಯಬೇಕು. ವೈವಾದಲ್ಲಿ ಕೇಳುತ್ತಾರೆ.

ಗಂಟೆಗಳ ಸರಾಸರಿ: ಮಷೀನ್ ಕೊಡುವ ರಿಪೋರ್ಟ್‌ನಲ್ಲಿ ಎರಡು ಸರಾಸರಿ ಇರುತ್ತವೆ. 30 ದಿನದಲ್ಲಿ 12 ರಾತ್ರಿ ಮಾತ್ರ, ತಲಾ 6 ಗಂಟೆ ಹಾಕಿಕೊಂಡಿದ್ದಾರೆ ಅನ್ನಿ. ಬಳಸಿದ ದಿನಗಳ ಸರಾಸರಿ 6 ಗಂಟೆ. ಎಲ್ಲ ದಿನಗಳ ಸರಾಸರಿ 2.4. ಮೊದಲನೆಯದು ನೋಡಿ "ವೆರಿ ಗುಡ್" ಅನ್ನಬೇಡಿ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಅಳತೆ 70% ರಾತ್ರಿಗಳಲ್ಲಿ 4 ಗಂಟೆ. ಅಂದರೆ 30ರಲ್ಲಿ 21 ರಾತ್ರಿ. ನಮ್ಮಲ್ಲೂ ಅದನ್ನೇ ಹಿಡಿದು ಮಾತಾಡುತ್ತಾರೆ.

ಈಗ ಲೀಕ್. ನಾನು ಮುಗ್ಗರಿಸಿದ್ದು ಇಲ್ಲೇ.

ಮಾಸ್ಕ್‌ನಲ್ಲಿ ಬೇಕಂತಲೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಆಚೆ ಹೋಗುವುದು ಅಲ್ಲಿಂದಲೇ. ಅದು ಮಾಸ್ಕ್‌ನ ಕೆಲಸ, ದೋಷ ಅಲ್ಲ. ಕೆನ್ನೆ, ಕಣ್ಣಿನ ಪಕ್ಕ, ಬಾಯಿಂದ ಸೋರುವುದು ಮಾತ್ರ ನಿಜವಾದ ಲೀಕ್. ತೊಂದರೆ ಏನೆಂದರೆ ಎಲ್ಲ ಮಷೀನ್‌ಗಳೂ ಒಂದೇ ನಂಬರ್ ತೋರಿಸಲ್ಲ. ರೆಸ್‌ಮೆಡ್ ಕಂಪನಿಯ ಮಷೀನ್ ತೂತಿನ ಗಾಳಿಯನ್ನು ಕಳೆದು ಉಳಿದದ್ದನ್ನು ತೋರಿಸುತ್ತದೆ. ಅದರಲ್ಲಿ ನಿಮಿಷಕ್ಕೆ 24 ಲೀಟರ್ ಅನ್ನುವುದು ಎಚ್ಚರಿಕೆಯ ಗೆರೆ. ಫಿಲಿಪ್ಸ್ ಮಷೀನ್‌ಗಳ ರಿಪೋರ್ಟ್‌ನಲ್ಲಿ ಬರುವುದು ಒಟ್ಟು ಗಾಳಿ, ತೂತಿನದೂ ಸೇರಿ.

ನಾನು 24ನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಒಬ್ಬ ಅಂಕಲ್ ರಿಪೋರ್ಟ್‌ನಲ್ಲಿ 38 ಇತ್ತು. ಅದು ಒಟ್ಟು ಅನ್ನುವುದನ್ನು ನೋಡಲೇ ಇಲ್ಲ. "ಜಾಸ್ತಿ ಲೀಕ್ ಆಗ್ತಿದೆ ಅಂಕಲ್, ಪಟ್ಟಿ ಸ್ವಲ್ಪ ಬಿಗಿ ಮಾಡಿ" ಅಂದೆ. ಮುಂದಿನ ವಾರ ಅವರ ಮೂಗಿನ ಮೇಲೆ ಕೆಂಪು ಗೆರೆ, ಮತ್ತು ಈ ಸಲ ಲೀಕ್ ನಿಜವಾಗಿಯೂ ಏರಿತ್ತು. ಕುಶನ್ (ಮಾಸ್ಕ್‌ನ ಮೆತ್ತನೆ ಅಂಚು) ಗಾಳಿ ತುಂಬಿ ಉಬ್ಬಿದರೆ ತಾನೇ ಮುಖಕ್ಕೆ ಕೂರುವುದು? ಬಿಗಿದರೆ ಅದು ಮಡಚಿಕೊಳ್ಳುತ್ತದೆ.

ಸೀನಿಯರ್ ಮಾಡಿಸಿದ ಲೆಕ್ಕ ಇದು. ಅಂಕಿಗಳು ಸುಮ್ನೆ ಉದಾಹರಣೆಗೆ. ನಿಮ್ಮ ಮಾಸ್ಕ್‌ನದು ಅದರ ಕೈಪಿಡಿಯಲ್ಲಿರುತ್ತದೆ. ಒತ್ತಡ 10 (ಸೆಂ.ಮೀ. ನೀರಿನ ಲೆಕ್ಕದಲ್ಲಿ) ಇದ್ದಾಗ ತೂತಿನಿಂದ ನಿಮಿಷಕ್ಕೆ 32 ಲೀಟರ್ ಹೋಗುತ್ತದೆ ಅನ್ನಿ. ಒಟ್ಟು 38. ಕಳೆದರೆ ಲೀಕ್ ಬರೀ 6. ಆಟೊ ಮಷೀನ್ ಒತ್ತಡವನ್ನು 14ಕ್ಕೆ ಏರಿಸಿತು. ತೂತಿನದು 38 ಆಯಿತು, ಒಟ್ಟು 44 ಆಯಿತು. ಗಾಬರಿಯಾಗುವ ನಂಬರ್ ಅಲ್ವಾ? ಕಳೆದು ನೋಡಿ, ಈಗಲೂ 6. ಮಾಸ್ಕ್ ಕದಲಿಲ್ಲ, ಒತ್ತಡ ಏರಿದೆ ಅಷ್ಟೇ. ಹಾಗಾಗಿ ಲೀಕ್ ನಂಬರ್ ಕಂಡ ಕೂಡಲೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಒಟ್ಟೋ, ಉಳಿದದ್ದೋ? ಒತ್ತಡ ಎಷ್ಟು? ಮಾಸ್ಕ್ ಯಾವುದು? ಮೂರಕ್ಕೂ ಉತ್ತರ ಸಿಗುವವರೆಗೆ ಪಟ್ಟಿಯ ಮಾತೆತ್ತಲ್ಲ.

ಇದೇ ಗೊಂದಲ ರೋಗಿಗಳಿಗೂ ಇದೆ. ಒಬ್ಬರು ಕ್ಯಾಮೆರಾ ಮುಂದೆ ಆ ತೂತುಗಳಿಗೆ ಬೆರಳಿಟ್ಟು "ಇಲ್ಲೇ ಲೀಕು ನೋಡಿ, ಟೇಪ್ ಹಾಕ್ಲಾ?" ಅಂದರು. ಬೇಡವೇ ಬೇಡ. ಮೊದಲ ಕರೆಯಲ್ಲೇ ಆ ತೂತು ತೋರಿಸಿ "ಇದನ್ನ ಮುಚ್ಚಬೇಡಿ" ಅಂತ ಹೇಳಿಬಿಡಿ.

ಇನ್ನು ನನ್ನ ಅಚ್ಚುಮೆಚ್ಚಿನ ಉಪಾಯ: ಮಲಗಿಸಿ ನೋಡಿ. ಮಷೀನ್ ಆಫ್ ಇಟ್ಟು, ಕುರ್ಚಿಯಲ್ಲಿ ಕೂತು ಹಾಕಿದ ಮಾಸ್ಕ್ ಚೆನ್ನಾಗಿಯೇ ಕಾಣುತ್ತದೆ. ಮಲಗಿದರೆ ಕೆನ್ನೆಯ ಮಾಂಸ ಜಾರುತ್ತದೆ, ದಿಂಬು ಪಕ್ಕದಿಂದ ನೂಕುತ್ತದೆ. ಆ ಅಂಕಲ್ ಮನೆಯಲ್ಲಿ ಫೋನ್ ಹಿಡಿದಿದ್ದವರು ಅವರ ಹೆಂಡತಿ. ನಾನು ಐದು ನಿಮಿಷ ಪಟ್ಟಿ ಸರಿ ಮಾಡಿಸಿದೆ. ಆಮೇಲೆ ಅವರು, "ಅಲ್ಲಮ್ಮಾ, ಇವ್ರು ಗೋಡೆ ಕಡೆ ತಿರುಗಿ ಮಲಗೋದು. ಹಂಗೆ ಮಲಗಿಸಿ ತೋರಿಸ್ಲಾ?" ಅಂದರು. ತಿರುಗಿದರು. ಮಾಸ್ಕ್‌ನ ಎಡ ಅಂಚು ದಿಂಬಿಗೆ ಒತ್ತಿ ಎದ್ದು ನಿಂತಿತು. ದಿಂಬನ್ನು ಒಂದು ಗೇಣು ಹಿಂದಕ್ಕೆ ಎಳೆಸಿ, ಮಾಸ್ಕ್ ಮುಖದಿಂದ ಸ್ವಲ್ಪ ಎತ್ತಿ ಮತ್ತೆ ಕೂರಿಸಿದೆವು. ಪಟ್ಟಿಯನ್ನು ಒಂದು ಹಂತ ಸಡಿಲವೇ ಮಾಡಿಸಿದೆ.

ಸೋರುವ ಸದ್ದು ವಿಡಿಯೊದಲ್ಲಿ ಕೇಳಿಸಲಿಲ್ಲ ಅಂದರೆ ಲೀಕ್ ಇಲ್ಲ ಅಂತ ನಂಬಬೇಡಿ. ಒಂದೇ ಸಮನೆ ಬರುವ ಸುಸ್ ಸದ್ದನ್ನು ಕರೆಯ ಆ್ಯಪ್‌ಗಳು ಗದ್ದಲ ಅಂದುಕೊಂಡು ಅಳಿಸಿಹಾಕುತ್ತವೆ. ಹತ್ತಿರ ಇರುವವರ ಕೈಯನ್ನು ಮಾಸ್ಕ್‌ನ ಅಂಚಿಗೆ ಹಿಡಿಸಿ. "ಕಣ್ಣಿಗೆ ಗಾಳಿ ಬಡಿಯುತ್ತಾ?" ಅಂತ ರೋಗಿಯನ್ನೇ ಕೇಳಿ.

ಉಳಿದ ಚಿಲ್ಲರೆ ವಿಷಯಗಳು. ಬೆಳಗ್ಗೆ ಬಾಯಿ ಒಣಗಿದ್ದರೆ ಬಾಯಿಂದ ಸೋರುತ್ತಿರಬಹುದು. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಕುಶನ್ ಜಾರುತ್ತದೆ, ರಾತ್ರಿ ಮುಖ ತೊಳೆಯಲು ಹೇಳಿ. ಮೂಗುತಿ ಇದ್ದವರಿಗೆ ಮೂಗಿನ ಮಾಸ್ಕ್ ಎಲ್ಲಿ ತಾಗುತ್ತದೆ ನೋಡಿ. ರಾತ್ರಿ ಹಲ್ಲು ಸೆಟ್ ತೆಗೆದಿಡುವವರಿಗೆ ಅದನ್ನು ತೆಗೆಸಿಯೇ ಮಾಸ್ಕ್ ಹಾಕಿಸಿ, ಮುಖದ ಆಕಾರವೇ ಬೇರೆ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್‌ಗೆ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪದರ ಕಟ್ಟುತ್ತದೆ. ಪೈಪ್‌ನಲ್ಲಿ ನೀರು ಗುಳುಗುಳು ಅಂದರೆ ಮಷೀನ್ ಎಲ್ಲಿದೆ ನೋಡಿ, ಅದು ತಲೆಗಿಂತ ಕೆಳಗಿರಬೇಕು. ಕರೆಂಟ್ ಹೋದರೆ ಮಷೀನ್‌ಗೆ ಯುಪಿಎಸ್ ಇದೆಯಾ ಅಂತ ಕೇಳಿ. ಮೀಸೆ ಬೋಳಿಸಿ ಅಂತ ಮಾತ್ರ ಹೇಳಲು ಹೋಗಬೇಡಿ, ಕರೆ ಅಲ್ಲೇ ಮುಗಿಯುತ್ತದೆ. ಬೇರೆ ಮಾಸ್ಕ್ ಹುಡುಕಿ.

ಒತ್ತಡ ಬದಲಿಸುವುದು ಡಾಕ್ಟರ್ ಹೇಳಿದರೆ ಮಾತ್ರ. ಮಷೀನ್ ಹಾಕಿಯೂ ಎಎಚ್‌ಐ 5ರ ಮೇಲೆ ಉಳಿದರೆ, ಗಾಡಿ ಓಡಿಸುತ್ತಾ ತೂಕಡಿಕೆ ಬರುತ್ತದೆ ಅಂದರೆ, ಕಾಲು ಊದಿದ್ದರೆ ಅದು ನಮ್ಮ ಕೈಯಲ್ಲಿ ಮುಗಿಯುವ ಕರೆಯಲ್ಲ. ತಕ್ಷಣ ಡಾಕ್ಟರ್‌ಗೆ ತಿಳಿಸಿ.

ಅಂಕಲ್ ಮೊನ್ನೆ ಮತ್ತೆ ಕರೆಗೆ ಬಂದರು. ಒಟ್ಟು ಲೀಕ್ 37. ಒತ್ತಡ 10. ನಾನು ಕೈಪಿಡಿಯ ಟೇಬಲ್ ತೆಗೆದು ಕಳೆಯುವಷ್ಟರಲ್ಲಿ ಆಂಟಿ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು, "ಗೊರಕೆ ಇಲ್ಲಮ್ಮಾ ಈಗ. ಆ ಮಷೀನ್ ಸದ್ದಿಗೆ ನನಗೆ ನಿದ್ದೆ ಬರ್ತಿಲ್ಲ, ಅದಕ್ಕೇನಾದ್ರೂ ಇದೆಯಾ?" ಅಂದರು.