ಆಮ್ಲಜನಕ ಮುಗಿದ ಮೇಲೂ ಉಸಿರಾಡುವ ಜೀವಿಗಳು

ಮುಂಗಾರು ಬಲಿತಂತೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲಿನ ಮೇಲ್ಪದರದ ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇರಿ ಬರುತ್ತದೆ. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ತುಂಬಿದ ಆ ನೀರಿಗೆ ಬೆಳಕು ಸಿಕ್ಕಿದ್ದೇ ತಡ, ಡಯಾಟಮ್ ಎಂಬ ಏಕಕೋಶ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಮೀನು ಕೊಬ್ಬುವುದು ಇವನ್ನು ತಿಂದೇ.

ತಿಂದು ಮಿಕ್ಕಿದ್ದು ಸತ್ತು ತಳಕ್ಕಿಳಿಯುತ್ತದೆ. ಕರಾವಳಿಯ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಈ ಸತ್ತ ಪಾಚಿಯನ್ನು ಕೊಳೆಸುತ್ತಾ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸುತ್ತವೆ. ಮೇಲೇರಿ ಬಂದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಸಾಲದೆಂಬಂತೆ ಮಳೆ ಮತ್ತು ನದಿಗಳ ಹಗುರ ಸಿಹಿನೀರು ಮೇಲೆ ಮುಚ್ಚಳದ ಹಾಗೆ ಕೂತಿರುವುದರಿಂದ ಗಾಳಿ ಕೆಳಗಿಳಿಯುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ತಳದ ನೀರಿನಲ್ಲಿ ಮೀನು, ಸೀಗಡಿಗಳು ಬದುಕುವುದೇ ಕಷ್ಟವಾಗುತ್ತದೆ.

ನನಗೆ ಅತಿ ಬೆರಗು ಹುಟ್ಟಿಸುವುದು ಇದರ ಮುಂದಿನ ಹಂತ. ಆಮ್ಲಜನಕ ಮುಗಿದರೂ ಬ್ಯಾಕ್ಟೀರಿಯಾಗಳ ಉಸಿರು ನಿಲ್ಲುವುದಿಲ್ಲ. ಈವರೆಗೆ ಆಮ್ಲಜನಕ ಬಳಸುತ್ತಿದ್ದ ಅದೇ ಕೋಶ ಈಗ ನೈಟ್ರೇಟ್ ಬಳಸತೊಡಗುತ್ತದೆ. ನೈಟ್ರೇಟ್ ನೈಟ್ರೈಟ್ ಆಗಿ, ನೈಟ್ರಿಕ್ ಆಕ್ಸೈಡ್ ಆಗಿ, ನೈಟ್ರಸ್ ಆಕ್ಸೈಡ್ ಆಗಿ, ಕೊನೆಗೆ ನೈಟ್ರೋಜನ್ ಅನಿಲವಾಗಿ ಗಾಳಿಗೆ ಸೇರುತ್ತದೆ. ಪಾಚಿಗೆ ಗೊಬ್ಬರವಾಗಬಹುದಾಗಿದ್ದ ಸಾರಜನಕ ಹೀಗೆ ಕಡಲಿನ ಕೈತಪ್ಪಿ ಹೋಗುತ್ತದೆ. ಆದರೆ ಕೊನೆಯ ಹೆಜ್ಜೆಯನ್ನು ನಡೆಸುವ, ತಾಮ್ರವನ್ನು ಒಳಗೊಂಡ ಕಿಣ್ವ ಆಮ್ಲಜನಕದ ಸುಳಿವನ್ನೂ ಸಹಿಸುವುದಿಲ್ಲ. ಆಳವಿಲ್ಲದ ಕರಾವಳಿ ನೀರು ಕದಡಿ ಒಂದಿಷ್ಟು ಗಾಳಿ ಬೆರೆತರೂ ಕ್ರಿಯೆ ನೈಟ್ರಸ್ ಆಕ್ಸೈಡ್‌ನಲ್ಲೇ ನಿಂತುಬಿಡಬಹುದು. ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಯೇರಿಸುವ ಅನಿಲವಿದು. ಭಾರತದ ಪಶ್ಚಿಮ ಕರಾವಳಿ ಇದನ್ನು ಭಾರೀ ಪ್ರಮಾಣದಲ್ಲಿ ಹೊರಹಾಕುತ್ತದೆಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು.

ನೈಟ್ರೇಟೂ ಖಾಲಿಯಾದರೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳ ಸರದಿ. ಅವು ಬಿಡುವುದು ಕೊಳೆತ ಮೊಟ್ಟೆಯ ವಾಸನೆಯ, ಮೀನಿಗೆ ವಿಷವಾದ ಹೈಡ್ರೋಜನ್ ಸಲ್ಫೈಡ್.

ಹಿಂಗಾರಿನ ಹೊತ್ತಿಗೆ ಕಡಲ ಪ್ರವಾಹದ ದಿಕ್ಕು ಬದಲಾಗಿ ತಳಕ್ಕೆ ಆಮ್ಲಜನಕ ಮರಳುತ್ತದೆ. ಆದರೂ ನದಿಗಳು ಹೊತ್ತು ತರುವ ರಸಗೊಬ್ಬರ ಮತ್ತು ಬಿಸಿಯೇರುತ್ತಿರುವ ಕಡಲು ಆಮ್ಲಜನಕವಿಲ್ಲದ ಈ ಅವಧಿಯನ್ನು ಹಿಗ್ಗಿಸುವ ಅಪಾಯವಿದೆ. ಗೋವಾದ ಕ್ಯಾಂಡೋಲಿಮ್ ಎದುರಿನ ಕಡಲಿನಲ್ಲಿ 1990ರ ದಶಕದ ಕೊನೆಯಿಂದ ನಡೆದ ಅಳತೆಗಳಿಂದ ಇದರ ಬಹಳಷ್ಟು ವಿವರ ಕೈಗೆ ಸಿಕ್ಕಿದೆ. ಮಲ್ಪೆ, ಕಾರವಾರಗಳ ಎದುರಿನ ಕಡಲಿನಲ್ಲೂ ಪ್ರತಿ ಮಳೆಗಾಲ ತಳದ ನೀರಿನ ಆಮ್ಲಜನಕವನ್ನು ಅಳೆದು, ಆ ಅಂಕಿಗಳನ್ನು ಮೀನುಗಾರರ ಕೈಗೂ ತಲುಪಿಸಬೇಕು.